ಸ್ನಾಯು ಅಳೆಯಲು ಯಾವ ಸಾಧನ? ಇಎಂಜಿ, ಡೈನಮೋಮೀಟರ್, ಫೋರ್ಸ್ ಪ್ಲೇಟ್, ಮೊಬೈಲ್: ಆರಿಸಿಕೊಳ್ಳುವ ಮುನ್ನ

ಸಿನಾಪ್ಸಿಸ್, ಅಂದರೆ ಪ್ರಬಂಧದ ರೂಪುರೇಷೆ, ಕೊಡುವ ಕಾಲ ಬಂತೆಂದರೆ ನನ್ನ ಕೋಣೆಯ ಬಾಗಿಲಲ್ಲಿ ಎಂಪಿಟಿ (ಫಿಸಿಯೋಥೆರಪಿ ಸ್ನಾತಕೋತ್ತರ) ಮಕ್ಕಳ ಓಡಾಟ ಜಾಸ್ತಿ. ಹೋದ ವರ್ಷ ಬಂದ ಹುಡುಗಿಯೊಬ್ಬಳು ಕುರ್ಚಿ ಎಳೆದುಕೊಳ್ಳುವ ಮೊದಲೇ ಹೇಳಿಬಿಟ್ಟಳು: "ಮ್ಯಾಮ್, ನಂದು ಇಎಂಜಿ ಸ್ಟಡಿ." ಇಎಂಜಿ ಎಂದರೆ ಎಲೆಕ್ಟ್ರೋಮಯೋಗ್ರಫಿ, ಸ್ನಾಯುವಿನಲ್ಲಿ ಹರಿಯುವ ವಿದ್ಯುತ್ತನ್ನು ಹಿಡಿಯುವ ವಿಧಾನ.

"ಆಯ್ತು. ಏನು ತಿಳ್ಕೋಬೇಕು ಅಂತಿದೀಯ?"

"ಸೂರ್ಯ ನಮಸ್ಕಾರ ಮಾಡಿದ್ರೆ ಯಾವ ಮಸಲ್ ಎಷ್ಟು ಸ್ಟ್ರಾಂಗ್ ಆಗುತ್ತೆ ಅಂತ."

ಔಷಧಿ ಕೊಂಡಾಗಿದೆ, ಇನ್ನು ಅದಕ್ಕೊಂದು ಕಾಯಿಲೆ ಹುಡುಕಬೇಕು ಎಂಬಂತಾಯಿತು. ಅವಳು ಕೇಳಿದ್ದು ಒಳ್ಳೆಯ ಪ್ರಶ್ನೆಯೇ, ಆದರೆ ಅದಕ್ಕೆ ಉತ್ತರ ಕೊಡುವುದು ಇಎಂಜಿಯ ಕೈಲಿಲ್ಲ. ಸ್ನಾಯು ಗಟ್ಟಿಯಾಯಿತೇ ಎಂಬುದನ್ನು ಇಎಂಜಿ ಹೇಳುವುದಿಲ್ಲ. ಸ್ನಾಯುವಿಗೆ ನರದಿಂದ ಆಜ್ಞೆ ಬಂತೇ, ಯಾವಾಗ ಬಂತು, ಸುಮಾರು ಎಷ್ಟು ಜೋರಾಗಿ ಬಂತು ಎಂಬುದನ್ನು ಹೇಳುತ್ತದೆ. ಇವೆರಡೂ ಒಂದೇ ಎಂದುಕೊಂಡು ಒಂದೂವರೆ ವರ್ಷ ಕಳೆದವರನ್ನು ನಾನು ನೋಡಿದ್ದೇನೆ. ಒಂದು ಕಾಲಕ್ಕೆ ಆ ಗುಂಪಿನಲ್ಲಿ ನಾನೂ ಇದ್ದೆ.

ಫಿಸಿಯೋಥೆರಪಿ, ದೈಹಿಕ ಶಿಕ್ಷಣ, ಯೋಗ ವಿಜ್ಞಾನ ಓದುತ್ತಿರುವವರಿಗೆ, ಮಕ್ಕಳನ್ನು ಓಡಿಸುವ ಕೋಚುಗಳಿಗೆ ಈ ಬರಹ. ಯಾವ ಕಂಪನಿಯ ಯಂತ್ರ ಒಳ್ಳೆಯದು ಎಂಬ ಪ್ರಶ್ನೆಗೆ ನಾನು ಕೈ ಹಾಕುವುದಿಲ್ಲ. ಯಾವ ಪ್ರಶ್ನೆಗೆ ಯಾವ ಬಗೆಯ ಸಾಧನ ಎಂಬುದಷ್ಟೇ ಇಲ್ಲಿನ ಮಾತು.

ಒಂದೇ ದಾರಿ, ಹಲವು ನಿಲ್ದಾಣ

ಕೈ ಎತ್ತಬೇಕೆಂದು ಮಿದುಳು ನಿರ್ಧರಿಸಿದ ಮೇಲೆ ಆಜ್ಞೆ ಬೆನ್ನುಹುರಿಗೆ ಇಳಿಯುತ್ತದೆ. ಅಲ್ಲಿಂದ ಹೊರಟ ನರಕೋಶ ತನ್ನ ಕೈಕೆಳಗಿನ ಸ್ನಾಯುತಂತುಗಳನ್ನು ಎಬ್ಬಿಸುತ್ತದೆ. ಒಂದು ನರಕೋಶ, ಅದರ ಅಧೀನದ ತಂತುಗಳು, ಇಷ್ಟು ಸೇರಿ ಒಂದು ಮೋಟಾರ್ ಯೂನಿಟ್. ಕಣ್ಣು ತಿರುಗಿಸುವ ಸ್ನಾಯುವಿನ ಒಂದು ಯೂನಿಟ್‌ನಲ್ಲಿ ಬೆರಳೆಣಿಕೆಯಷ್ಟು ತಂತುಗಳಿದ್ದರೆ ಮೀನಖಂಡದಲ್ಲಿ ಸಾವಿರಕ್ಕೂ ಮೇಲೆ. ತಂತುವಿನಲ್ಲಿ ಮೊದಲು ವಿದ್ಯುತ್ತು ಹರಿಯುತ್ತದೆ, ಆಮೇಲೆ ಅದು ಸಂಕುಚಿಸಿ ಬಲ ಹುಟ್ಟುತ್ತದೆ. ಆ ಬಲ ಸ್ನಾಯುರಜ್ಜುವಿನ ಮೂಲಕ ಮೂಳೆಯನ್ನು ಎಳೆಯುತ್ತದೆ, ಕೀಲು ತಿರುಗುತ್ತದೆ. ಕೊನೆಗೆ ನಾವು ಕಣ್ಣಾರೆ ನೋಡುವ ಕೆಲಸ ನಡೆಯುತ್ತದೆ: ಜಿಗಿತ, ಓಟ, ಕುರ್ಚಿಯಿಂದ ಏಳುವುದು.

ಈ ದಾರಿಯಲ್ಲಿ ಒಂದೊಂದು ಸಾಧನ ಒಂದೊಂದು ನಿಲ್ದಾಣದಲ್ಲಿ ನಿಂತಿರುತ್ತದೆ. ಇಎಂಜಿ ಮೊದಲ ನಿಲ್ದಾಣದಲ್ಲಿದೆ. ಸ್ನಾಯುವಿನ ಬಲ ಅಳೆಯುವ ಡೈನಮೋಮೀಟರ್ ಮತ್ತು ಕಾಲು ನೆಲವನ್ನು ಒತ್ತುವ ಬಲ ಅಳೆಯುವ ಫೋರ್ಸ್ ಪ್ಲೇಟ್ ನಡುವೆ ಇವೆ. ಕ್ಯಾಮೆರಾ ಅದರಾಚೆ, ಸ್ಟಾಪ್‌ವಾಚ್ ಕೊನೆಯಲ್ಲಿ. ಹಾವೇರಿಯಲ್ಲಿ ನಿಂತು ಬಸ್ಸಿಗೆ ಎಷ್ಟು ಜನ ಹತ್ತಿದರೆಂದು ಎಣಿಸಿದವನಿಗೆ ಹುಬ್ಬಳ್ಳಿಯಲ್ಲಿ ಎಷ್ಟು ಜನ ಇಳಿದರೆಂಬುದು ಗೊತ್ತಾಗುವುದಿಲ್ಲ. ಅಂದಾಜು ಹೇಳಬಹುದು, ಆ ಅಂದಾಜನ್ನೇ ಅಳತೆ ಎನ್ನಬಾರದು.

ಇಎಂಜಿ: ಕೊಡುವುದೇನು, ಕೊಡದಿರುವುದೇನು

ಹೆಚ್ಚು ತಪ್ಪುಗಳು ಇಲ್ಲೇ ಆಗುವುದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಕಪ್ಪೆಯ ಕಾಲು ವಿದ್ಯುತ್ತಿಗೆ ಅದುರುವುದನ್ನು ಇಟಲಿಯ ಗಾಲ್ವಾನಿ 1791ರಲ್ಲಿ ಪ್ರಕಟಿಸಿದ. ಮನುಷ್ಯ ತಾನಾಗಿ ಸ್ನಾಯು ಬಿಗಿದಾಗಲೂ ವಿದ್ಯುತ್ತು ಹುಟ್ಟುತ್ತದೆಂದು 1849ರ ಸುಮಾರಿಗೆ ತೋರಿಸಿದವನು ಜರ್ಮನಿಯ ದು ಬ್ವಾ ರೇಮಂಡ್. ಚರ್ಮ ಅಡ್ಡ ಬರುತ್ತಿದೆ ಎಂದು ಅವನು ತನ್ನ ಕೈಯ ಮೇಲೆ ಬೊಬ್ಬೆ ಎಬ್ಬಿಸಿಕೊಂಡು, ಆ ಚರ್ಮ ತೆಗೆದು, ಹಸಿ ಗಾಯವನ್ನೇ ದ್ರಾವಣಕ್ಕೆ ತಾಗಿಸಿದ್ದ. ನಾವೀಗ ಕೂದಲು ಬೋಳಿಸಿ, ಚರ್ಮವನ್ನು ಮೆಲ್ಲಗೆ ಉಜ್ಜಿ, ಸ್ಪಿರಿಟ್ ಹಚ್ಚುತ್ತೇವೆ. ಇಷ್ಟು ಮಾಡಲೂ ಬೇಜಾರುಪಟ್ಟುಕೊಳ್ಳುವ ವಿದ್ಯಾರ್ಥಿಗಳಿಗೆ ನಾನು ಹೇಳುವ ಕಥೆ ಇದು.

ಚರ್ಮದ ಮೇಲೆ ಅಂಟಿಸುವ ಎಲೆಕ್ಟ್ರೋಡಿನದು ಸರ್ಫೇಸ್ ಇಎಂಜಿ. ಯುರೋಪಿನ ಸೆನಿಯಾಮ್ ಯೋಜನೆಯ ಶಿಫಾರಸಿನಂತೆ ಎರಡು ಎಲೆಕ್ಟ್ರೋಡ್‌ಗಳ ನಡುವಿನ ಅಂತರ 20 ಮಿ.ಮೀ. ಸಂಕೇತದ ಬಹುಭಾಗ ಸುಮಾರು 10ರಿಂದ 500 ಹರ್ಟ್ಸ್ ಒಳಗೆ ಇರುವುದರಿಂದ ಸೆಕೆಂಡಿಗೆ ಕನಿಷ್ಠ 1000 ಸಲ ಓದುವ ಯಂತ್ರ ಬೇಕು, 2000 ಸಲ ಆದರೆ ಮೇಲು. ನಮ್ಮ ಗೋಡೆಯ ಪ್ಲಗ್ಗಿನ ಕರೆಂಟು 50 ಹರ್ಟ್ಸ್, ಅಂದರೆ ಸಂಕೇತದ ನಟ್ಟನಡುವೆಯೇ ಬಂದು ಕೂರುತ್ತದೆ. ಟ್ಯೂಬ್‌ಲೈಟ್, ಚಾರ್ಜರ್, ಅರ್ತಿಂಗ್ ಇಲ್ಲದ ಕೋಣೆ, ಸರಿಯಾಗಿ ಅಂಟದ ಎಲೆಕ್ಟ್ರೋಡ್, ಎಲ್ಲವೂ ಪರದೆ ತುಂಬ ಗುಂಯ್‌ಗುಟ್ಟುತ್ತವೆ. ಫಿಲ್ಟರ್ ಹಾಕುವ ಮೊದಲು ಮೂಲ ಹುಡುಕಿ. ಫಿಲ್ಟರ್ ಹಾಕಿದರೆ ಕಸದ ಜೊತೆ ಕಾಳೂ ಹೋಗುತ್ತದೆ.

ಇನ್ನು ಮುಖ್ಯ ವಿಷಯ. ಇಎಂಜಿ ಮೈಕ್ರೋವೋಲ್ಟ್‌ನಲ್ಲಿ ಕೊಡುವ ಸಂಖ್ಯೆಯನ್ನು ಇಬ್ಬರ ನಡುವೆ ಹೋಲಿಸಲಾಗದು. ಒಬ್ಬರ ಚರ್ಮದಡಿ ಕೊಬ್ಬು ಹೆಚ್ಚು, ಇನ್ನೊಬ್ಬರದು ಕಡಿಮೆ. ಅದೇ ವ್ಯಕ್ತಿಯ ಎರಡು ಸ್ನಾಯುಗಳ ನಡುವೆಯೂ ಹೋಲಿಸಲಾಗದು. ಇವತ್ತು ಅಂಟಿಸಿ ಕಿತ್ತು ಮುಂದಿನ ವಾರ ಒಂದು ಸೆಂಟಿಮೀಟರ್ ಆಚೆ ಅಂಟಿಸಿದರೆ ಇವತ್ತಿನದಕ್ಕೂ ಅವತ್ತಿನದಕ್ಕೂ ತಾಳೆಯಾಗದು. ಅದಕ್ಕೇ ಎಲ್ಲರೂ ಎಂವಿಸಿ, ಅಂದರೆ ಮೈಯ ಶಕ್ತಿಯೆಲ್ಲ ಹಾಕಿ ಬಿಗಿದಾಗಿನ ಸಂಕೇತಕ್ಕೆ ಹೋಲಿಸಿ ಶೇಕಡಾವಾರು ಹೇಳುವುದು. ಭುಜ ನೋವಿನ ರೋಗಿ ಶಕ್ತಿಯೆಲ್ಲ ಹಾಕಿ ಬಿಗಿಯುವುದು ಹೇಗೆ? ನೋವಿಗೆ ಅರ್ಧಕ್ಕೇ ನಿಲ್ಲಿಸುತ್ತಾರೆ. ಛೇದ ಚಿಕ್ಕದಾಗುತ್ತದೆ, ಶೇಕಡಾ ಉಬ್ಬುತ್ತದೆ. ಆಮೇಲೆ ಪ್ರಬಂಧದಲ್ಲಿ 'ರೋಗಿಗಳಲ್ಲಿ ಸ್ನಾಯು ಚಟುವಟಿಕೆ ಹೆಚ್ಚು' ಎಂದು ಬರೆಯಲಾಗುತ್ತದೆ. ನೋವಿರುವವರ ಮೇಲೆ ಮಾಡುವುದಾದರೆ ನಿಗದಿತ ಸಣ್ಣ ಭಾರ ಎತ್ತಿಸಿ ಅದನ್ನೇ ಆಧಾರವಾಗಿಸಿಕೊಳ್ಳುವುದು ಲೇಸು.

ಅಕ್ಕಪಕ್ಕದ ಸ್ನಾಯುವಿನ ಸದ್ದು ಕೇಳಿಬರುವುದು ಇನ್ನೊಂದು ತೊಡಕು. ಮುಂಗೈಯಲ್ಲಿ ಸ್ನಾಯುಗಳು ಕಂಬಳಿ ಎಳೆಗಳಂತೆ ಒತ್ತೊತ್ತಾಗಿವೆ. ಅಲ್ಲಿ ಒಂದೇ ಸ್ನಾಯುವಿನ ಸಂಕೇತ ಹಿಡಿದೆ ಎಂದು ಬರೆದವರನ್ನು ನಾನಂತೂ ಪರೀಕ್ಷೆಯಲ್ಲಿ ಬಿಡುವುದಿಲ್ಲ.

ಇಎಂಜಿಯನ್ನು ಬಲ ಎಂದೇಕೆ ಓದಬಾರದು? ತುಂಬಿದ ಬಕೆಟ್ ಹಿಡಿದು ಮೊಣಕೈ ಮಡಚಿ ನಿಲ್ಲಿ. ಬಕೆಟ್ಟಿನ ತೂಕ ಬದಲಾಗುವುದಿಲ್ಲ, ಆದರೆ ನಿಮಿಷ ಕಳೆದಂತೆ ಇಎಂಜಿ ಏರುತ್ತ ಹೋಗುತ್ತದೆ. ದಣಿದ ತಂತುಗಳ ಸಹಾಯಕ್ಕೆ ಹೊಸ ಯೂನಿಟ್‌ಗಳು ಬರುತ್ತವೆ, ಬಲ ಮಾತ್ರ ಅಷ್ಟೇ. ಈಗ ಮೆಟ್ಟಿಲು ಹತ್ತಿ ಇಳಿಯಿರಿ. ಮೈತೂಕ ಅದೇ, ತೊಡೆಯ ಸ್ನಾಯುವೂ ಅದೇ, ಇಳಿಯುವಾಗ ಇಎಂಜಿ ಕಡಿಮೆ. ಉದ್ದವಾಗುತ್ತ ಬಿಗಿಯುವ ಸ್ನಾಯು ಕಡಿಮೆ ಆಜ್ಞೆಯಲ್ಲೇ ಅಷ್ಟೇ ಭಾರ ತಡೆಯುತ್ತದೆ. ಆದರೂ ಮಾರನೇ ದಿನ ನೋವು ಬರುವುದು ಹೆಚ್ಚಾಗಿ ಇಳಿದದ್ದಕ್ಕೇ.

ಜಿಮ್‌ಗಳಲ್ಲಿ ಈ ಗೊಂದಲ ಇನ್ನೂ ಜೋರು. ಕೂತು ಏಳುವ ಸ್ಕ್ವಾಟ್‌ಗಿಂತ, ಬೆನ್ನು ಬೆಂಚಿಗೆ ಆನಿಸಿ ಸೊಂಟ ಮೇಲೆತ್ತುವ ಹಿಪ್ ಥ್ರಸ್ಟ್ ಮಾಡುವಾಗ ಕುಂಡಿಯ ಸ್ನಾಯುವಿನ ಇಎಂಜಿ ಹೆಚ್ಚು ಬರುತ್ತದೆ, ಆದ್ದರಿಂದ ಅದರಲ್ಲೇ ಹೆಚ್ಚು ಬೆಳೆಯುತ್ತದೆ ಎಂಬ ಮಾತು ವರ್ಷಗಟ್ಟಲೆ ಓಡಿತು. 2023ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಅಭ್ಯಾಸವಿಲ್ಲದವರನ್ನು ಎರಡು ಗುಂಪು ಮಾಡಿ 9 ವಾರ ತಾಲೀಮು ಕೊಟ್ಟು ಎಂಆರ್‌ಐಯಲ್ಲಿ ಅಳೆದರು. ಕುಂಡಿಯ ಸ್ನಾಯು ಎರಡರಲ್ಲೂ ಹೆಚ್ಚುಕಡಿಮೆ ಸಮವಾಗಿ ಬೆಳೆದಿತ್ತು, ತೊಡೆ ಸ್ಕ್ವಾಟ್‌ನಲ್ಲಿ ಹೆಚ್ಚು ಬೆಳೆದಿತ್ತು. ಒಂದು ದಿನದ ಇಎಂಜಿ ಎರಡು ತಿಂಗಳ ಬೆಳವಣಿಗೆಯ ಜಾತಕ ಬರೆಯಲಿಲ್ಲ.

ಹಾಗಾದರೆ ಇಎಂಜಿ ಯಾತಕ್ಕೆ? ಸಮಯಕ್ಕೆ. ಯಾವ ಸ್ನಾಯು ಮೊದಲು ಎದ್ದಿತು, ಯಾವುದು ಮಲಗಬೇಕಾದಾಗ ಮಲಗಲಿಲ್ಲ ಎಂಬುದನ್ನು ಹೇಳುವುದರಲ್ಲಿ ಇದಕ್ಕೆ ಸಾಟಿಯಿಲ್ಲ. ಸೆರೆಬ್ರಲ್ ಪಾಲ್ಸಿ ಇರುವ ಮಗು ನಡೆಯುವಾಗ ಮೀನಖಂಡ ತಪ್ಪು ಹೊತ್ತಿನಲ್ಲಿ ಬಿಗಿಯುತ್ತಿದೆಯೇ? ಕಂಪ್ಯೂಟರ್ ಮುಂದೆ ಕೂತವರ ಕುತ್ತಿಗೆಯ ಸ್ನಾಯು ವಿರಾಮದಲ್ಲೂ ಸಡಿಲವಾಗುತ್ತಿಲ್ಲವೇ? ಪಾರ್ಶ್ವವಾಯು ಆದವರಿಗೆ ಕೈ ಕದಲದಿದ್ದರೂ ಆಜ್ಞೆಯ ಎಳೆಯೊಂದು ಬರುತ್ತಿದೆಯೇ? ಈ ಬಗೆಯ ಪ್ರಶ್ನೆ ನಿಮ್ಮದಾದರೆ ಕಣ್ಣುಮುಚ್ಚಿ ಇಎಂಜಿ ಆರಿಸಿ. ವಿದ್ಯುತ್ತು ಬಂದ ಮೇಲೆ ಬಲ ಹೊರಗೆ ಕಾಣಿಸಿಕೊಳ್ಳಲು ಸುಮಾರು 30ರಿಂದ 100 ಮಿಲಿಸೆಕೆಂಡ್ ಬೇಕೆಂಬುದನ್ನು ಮಾತ್ರ ಮರೆಯಬೇಡಿ. ವಿಡಿಯೋ ಜೊತೆ ಕೂಡಿಸುವಾಗ ಇದು ಕಾಲೆಳೆಯುತ್ತದೆ.

ಆಳದ ಸ್ನಾಯುಗಳು ಚರ್ಮದ ಮೇಲಿನ ಎಲೆಕ್ಟ್ರೋಡಿಗೆ ಸಿಗುವುದಿಲ್ಲ. ಅದಕ್ಕೆ ಕೂದಲಿನಂಥ ತಂತಿಯನ್ನು ಸೂಜಿಯಲ್ಲಿ ಒಳಗಿಳಿಸುವ ವಿಧಾನ 1960ರ ದಶಕದಿಂದ ಇದೆ. ತರಬೇತಿ ಪಡೆದ ಕೈ, ಎಥಿಕ್ಸ್ ಕಮಿಟಿಯ ಒಪ್ಪಿಗೆ, ಚುಚ್ಚಿಸಿಕೊಳ್ಳಲು ಒಪ್ಪುವ ಜನ, ಮೂರೂ ಇದ್ದರೆ ಮಾತ್ರ. ನಿಮ್ಹಾನ್ಸ್‌ನಂಥ ಆಸ್ಪತ್ರೆಗಳಲ್ಲಿ ನರರೋಗ ವೈದ್ಯರು ಮಾಡುವ ಸೂಜಿ ಇಎಂಜಿ ರೋಗ ಪತ್ತೆಗಾಗಿ ಇರುವಂಥದ್ದು. 'ಇಎಂಜಿ ಇದೆಯಂತೆ' ಎಂದು ಅಲ್ಲಿಗೆ ಓಡಬೇಡಿ, ಆ ಯಂತ್ರ ನಿಮ್ಮ ಕೆಲಸಕ್ಕೆ ಒದಗದು. 64 ಎಲೆಕ್ಟ್ರೋಡ್‌ಗಳ ಜಾಲರಿ ಅಂಟಿಸಿ ಒಂದೊಂದೇ ಮೋಟಾರ್ ಯೂನಿಟ್ ಬಿಡಿಸುವ ಹೈ-ಡೆನ್ಸಿಟಿ ಇಎಂಜಿ ಸೊಗಸಾದದ್ದು, ಆದರೆ ಅದು ಪಿಎಚ್.ಡಿ. ಮಾಡುವವರ ಬದುಕು. ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ ಸೆನ್ಸರ್ ಬೋರ್ಡುಗಳು ತರಗತಿಯಲ್ಲಿ ತೋರಿಸಲು ಚೆನ್ನ. ಅವುಗಳಲ್ಲಿ ಕೆಲವು ಕಚ್ಚಾ ಸಂಕೇತ ಕೊಡದೆ ನಯಗೊಳಿಸಿದ ಗೆರೆಯನ್ನಷ್ಟೇ ಕೊಡುತ್ತವೆ. ಅಂಥದ್ದರಲ್ಲಿ ಸಂಶೋಧನೆ ಬೇಡ.

ಬಲ ಬೇಕಿದ್ದರೆ ಬಲವನ್ನೇ ಅಳೆಯಿರಿ

ರೋಗಿ ಕೈಕಾಲು ಎತ್ತುವಾಗ ನಮ್ಮ ಕೈಯಿಂದ ತಡೆದು ಸ್ನಾಯುಬಲಕ್ಕೆ 0ರಿಂದ 5ರವರೆಗೆ ಗ್ರೇಡ್ ಕೊಡುವುದು ಎಲ್ಲರಿಗೂ ಗೊತ್ತು. ದುಡ್ಡು ಬೇಡ, ಕರೆಂಟು ಬೇಡ. ಸ್ನಾಯು ಸತ್ತೇ ಹೋಗಿದೆಯೋ, ಗುರುತ್ವದ ಎದುರು ಏಳುತ್ತದೋ ಎಂಬ ಪ್ರಶ್ನೆಗೆ ಇದು ಇವತ್ತಿಗೂ ಸಾಕು. ತೊಂದರೆ ಇರುವುದು 4ರಲ್ಲಿ. ಸ್ವಲ್ಪ ತಡೆದರೂ ಸೋಲುವವರು, ಹೆಚ್ಚುಕಡಿಮೆ ಪೂರ್ತಿ ಬಲ ಇರುವವರು, ಎಲ್ಲರೂ ಆ ಒಂದೇ ಕೋಣೆಯಲ್ಲಿ. ಆರು ವಾರದ ವ್ಯಾಯಾಮದಿಂದ ಬಲ ಕಾಲುಭಾಗ ಹೆಚ್ಚಾದರೂ ಗ್ರೇಡ್ 4, 4 ಆಗಿಯೇ ಇರಬಹುದು. ಚಿಕಿತ್ಸೆಯ ಫಲ ತೋರಿಸಬೇಕಾದ ಅಧ್ಯಯನಕ್ಕೆ ಇದು ಬೇಡ.

ಅಂಗೈಯಲ್ಲಿ ಹಿಡಿಯುವ ಡೈನಮೋಮೀಟರ್ ಇದಕ್ಕೆ ಒಳ್ಳೆಯ ಉತ್ತರ. ಸ್ನಾತಕೋತ್ತರ ಅಧ್ಯಯನಕ್ಕೆ ಒಂದೇ ಒಂದು ಸಾಧನ ಕೊಳ್ಳಲು ಕಾಲೇಜು ಒಪ್ಪಿದರೆ ನಾನು ಇದನ್ನೇ ಕೊಳ್ಳಿಸುತ್ತೇನೆ. ಎರಡು ಎಚ್ಚರ ಬೇಕು. ಒಂದು, ಕಬಡ್ಡಿ ಆಟಗಾರನ ತೊಡೆಯನ್ನು ಐವತ್ತು ಕಿಲೋ ತೂಕದ ವಿದ್ಯಾರ್ಥಿನಿ ತಡೆದು ಹಿಡಿದರೆ ಅಳತೆಗೆ ಸಿಗುವುದು ವಿದ್ಯಾರ್ಥಿನಿಯ ಬಲ. ಮಂಚದ ಕಾಲಿಗೋ ಗೋಡೆಯ ಕೊಂಡಿಗೋ ಬೆಲ್ಟ್ ಕಟ್ಟಿ ಅದು ತಡೆಯುವಂತೆ ಮಾಡಿ. ಎರಡು, ಮೊಣಕಾಲಿನಿಂದ ಎಷ್ಟು ದೂರದಲ್ಲಿ ಒತ್ತಿದಿರಿ ಎಂಬುದನ್ನು ಟೇಪಿನಲ್ಲಿ ಅಳೆದು ಬರೆಯಿರಿ. ಕೀಲಿನ ತಿರುಚುಬಲ 60 ನ್ಯೂಟನ್ ಮೀಟರ್ ಇದ್ದರೆ 30 ಸೆಂ.ಮೀ. ದೂರದಲ್ಲಿ ಯಂತ್ರ 200 ನ್ಯೂಟನ್ ತೋರಿಸುತ್ತದೆ, 25 ಸೆಂ.ಮೀ. ದೂರದಲ್ಲಿ 240. ಸ್ನಾಯು ಏನೂ ಬದಲಾಗಿಲ್ಲ, ನಿಮ್ಮ ಕೈ ಐದು ಸೆಂಟಿಮೀಟರ್ ಸರಿದಿದೆ ಅಷ್ಟೇ.

ಐಸೋಕೈನೆಟಿಕ್ ಯಂತ್ರ ಈ ಗುಂಪಿನ ರಾಜ. ಕಾಲನ್ನು ಕಟ್ಟಿ ಕೂರಿಸಿ ಸೆಕೆಂಡಿಗೆ 60 ಡಿಗ್ರಿ, 180 ಡಿಗ್ರಿ ಎಂದು ವೇಗ ನಿಗದಿ ಮಾಡಿ ಆ ವೇಗದಲ್ಲಿ ಎಷ್ಟು ಬಲ ಬರುತ್ತದೆಂದು ಅಳೆಯುತ್ತದೆ. ಬೆಲೆ ಹತ್ತಾರು ಲಕ್ಷ. ಮೊಣಕಾಲಿನ ಎಸಿಎಲ್ (ಒಳಗಿನ ಅಸ್ಥಿರಜ್ಜು) ಶಸ್ತ್ರಚಿಕಿತ್ಸೆ ಆದ ಮೇಲೆ ಎರಡು ಕಾಲುಗಳನ್ನು ಹೋಲಿಸಬೇಕಿದ್ದರೆ, ಯಂತ್ರ ನಿಮ್ಮ ಊರಲ್ಲೇ ಇದ್ದರೆ, ಬಳಸಿ. ಇಲ್ಲದಿದ್ದರೆ ಕೊರಗಬೇಡಿ. ಕುರ್ಚಿಗೆ ಕಟ್ಟಿಸಿಕೊಂಡು ಕಾಲು ಬೀಸುವುದು ಯಾವ ಆಟದಲ್ಲೂ ಇಲ್ಲ.

ಹಿಡಿತದ ಬಲ ಅಳೆಯುವ ಡೈನಮೋಮೀಟರ್‌ಗೆ ಬೇರೆಯೇ ಮಹತ್ವ ಬಂದಿದೆ. 17 ದೇಶಗಳ ಸುಮಾರು 1.4 ಲಕ್ಷ ಜನರನ್ನು ಹಿಂಬಾಲಿಸಿದ ಪ್ಯೂರ್ ಅಧ್ಯಯನ 2015ರಲ್ಲಿ ಹೇಳಿದಂತೆ ಹಿಡಿತ 5 ಕಿಲೋ ಕಡಿಮೆ ಇದ್ದವರಲ್ಲಿ ಸಾವಿನ ಅಪಾಯ ಶೇ. 16ರಷ್ಟು ಹೆಚ್ಚಿತ್ತು. ಭಾರತದ ಕೇಂದ್ರಗಳಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯೂ ಇತ್ತು. ಹಿಡಿತ ಸಡಿಲವಾಗಿದ್ದರಿಂದಲೇ ಸತ್ತರು ಎಂದಲ್ಲ. ಒಟ್ಟು ಮೈಯ ಸ್ಥಿತಿಗೆ ಅದೊಂದು ಕನ್ನಡಿ. ವಯಸ್ಸಾದವರಲ್ಲಿ ಸ್ನಾಯು ಸೊರಗುವುದನ್ನು ಪತ್ತೆ ಮಾಡಲು ಏಷ್ಯಾದ ತಜ್ಞರ ಗುಂಪು 2019ರಲ್ಲಿ ಕೊಟ್ಟ ಗಡಿ ಗಂಡಸರಿಗೆ 28 ಕಿಲೋ, ಹೆಂಗಸರಿಗೆ 18 ಕಿಲೋ. ಅಷ್ಟಕ್ಕಿಂತ ಕಡಿಮೆ ಇದ್ದರೆ ಹಿಡಿತ ಕುಂದಿದೆ ಎಂದು ಲೆಕ್ಕ. ಯುರೋಪಿನವರ ಗಡಿ 27 ಮತ್ತು 16. ಯಾವುದನ್ನು ಬಳಸುತ್ತಿದ್ದೀರೆಂದು ಬರೆಯಿರಿ, ಎರಡನ್ನೂ ಬೆರೆಸಬೇಡಿ.

ಆದರೆ ಕಾಲಿನ ವ್ಯಾಯಾಮ ಕೊಟ್ಟು ಹಿಡಿತದ ಬಲದಲ್ಲಿ ಫಲ ಹುಡುಕುವವರೂ ಇದ್ದಾರೆ! ಕಾಲಿಗೆ ಕೊಟ್ಟಿದ್ದೀರೆಂದರೆ ಕಾಲಿನಲ್ಲೇ ನೋಡಿ. ಕೈಕಟ್ಟಿ ಕುರ್ಚಿಯಿಂದ ಐದು ಸಲ ಎದ್ದು ಕೂರುವ ಪರೀಕ್ಷೆಗೆ ಒಂದು ಕುರ್ಚಿ, ಒಂದು ಸ್ಟಾಪ್‌ವಾಚ್ ಸಾಕು. ಅದೇ ಏಷ್ಯಾದ ಮಾನದಂಡದಲ್ಲಿ 12 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಕಾಲಿನ ಸಾಮರ್ಥ್ಯ ಕಡಿಮೆ ಎಂದು ಲೆಕ್ಕ. ಹಳ್ಳಿಯ ಆರೋಗ್ಯ ಶಿಬಿರದಲ್ಲಿ ಜಗಲಿಯ ಮೇಲೂ ಮಾಡಿಸಬಹುದು, ಕುರ್ಚಿಯ ಎತ್ತರ ಎಲ್ಲರಿಗೂ ಒಂದೇ ಇದ್ದರಾಯಿತು.

ಜಿಗಿತ: ಫೋರ್ಸ್ ಪ್ಲೇಟೋ, ಜೇಬಿನ ಫೋನೋ?

ಜಿಗಿತದ ಎತ್ತರವನ್ನು ಗಾಳಿಯಲ್ಲಿದ್ದ ಸಮಯದಿಂದ ಲೆಕ್ಕ ಹಾಕಬಹುದು. ಆ ಸಮಯದ ವರ್ಗವನ್ನು 9.81ರಿಂದ ಗುಣಿಸಿ 8ರಿಂದ ಭಾಗಿಸಿ. ಅರ್ಧ ಸೆಕೆಂಡ್ ಗಾಳಿಯಲ್ಲಿದ್ದರೆ ಸುಮಾರು 30.7 ಸೆಂ.ಮೀ. ಪಿಯುಸಿ ಭೌತಶಾಸ್ತ್ರ ಇಷ್ಟೇ.

ಫೋನಿನಲ್ಲಿ ಕಾಲು ನೆಲ ಬಿಟ್ಟ ಫ್ರೇಮ್, ಮುಟ್ಟಿದ ಫ್ರೇಮ್ ಹುಡುಕಿ ಈ ಸಮಯ ಪಡೆಯಬಹುದು. ಸಾಮಾನ್ಯ ವಿಡಿಯೋ ಸೆಕೆಂಡಿಗೆ 30 ಫ್ರೇಮ್. ಒಂದು ಫ್ರೇಮ್ ತಪ್ಪಿದರೆ ಎತ್ತರದಲ್ಲಿ 4 ಸೆಂ.ಮೀ. ತಪ್ಪುತ್ತದೆ. ಅದೇ ಫೋನಿನ ಸ್ಲೋ ಮೋಷನ್‌ನಲ್ಲಿ 240 ಫ್ರೇಮ್ ಇದ್ದರೆ ಒಂದು ಫ್ರೇಮಿನ ತಪ್ಪು ಅರ್ಧ ಸೆಂಟಿಮೀಟರ್ ಮಾತ್ರ. ಮೂವತ್ತು ಫ್ರೇಮ್ ಕಸ, 240 ಫ್ರೇಮ್ ಕಾಲೇಜು ತಂಡದ ಆಯ್ಕೆಗೆ ಧಾರಾಳ ಸಾಕು.

ಇದರಲ್ಲೊಂದು ಮೋಸವಿದೆ, ಹುಡುಗರು ಅದನ್ನು ಬೇಗ ಕಲಿಯುತ್ತಾರೆ. ಇಳಿಯುವಾಗ ಮಂಡಿ ಮಡಚಿದರೆ ಪಾದ ತಡವಾಗಿ ನೆಲ ಮುಟ್ಟುತ್ತದೆ. 0.50 ಸೆಕೆಂಡ್ 0.54 ಆದರೆ ಎತ್ತರ 30.7ರಿಂದ 35.8ಕ್ಕೆ ಏರುತ್ತದೆ. ತಾಲೀಮಿಲ್ಲದೆ ಐದು ಸೆಂಟಿಮೀಟರ್ ಲಾಭ! ಪಾದ ಬಿಟ್ಟ, ಮುಟ್ಟಿದ ಸಮಯ ಹಿಡಿಯುವ ಜಂಪ್ ಮ್ಯಾಟ್‌ಗೂ ಇದೇ ರೋಗ. ಫೋರ್ಸ್ ಪ್ಲೇಟ್ ಪಾರಾಗುತ್ತದೆ, ಏಕೆಂದರೆ ಅದು ನೆಲವನ್ನು ಒದ್ದ ಬಲದಿಂದಲೇ ಮೇಲೇರುವ ವೇಗವನ್ನು ಲೆಕ್ಕ ಹಾಕಬಲ್ಲದು. ಅದಕ್ಕೆ ಜಿಗಿಯುವ ಮೊದಲು ಒಂದು ಸೆಕೆಂಡಾದರೂ ಅಲುಗಾಡದೆ ನಿಲ್ಲಿಸಿ ತೂಕ ಸರಿಯಾಗಿ ತೆಗೆದುಕೊಂಡಿರಬೇಕು.

ಎತ್ತರವೊಂದೇ ಸಾಕೆಂದರೆ ಪ್ಲೇಟಿಗೆ ಲಕ್ಷಗಟ್ಟಲೆ ಸುರಿಯಬೇಡಿ. ಹೇಗೆ ಜಿಗಿದರು, ಎಡಗಾಲು ಬಲಗಾಲಿಗಿಂತ ಎಷ್ಟು ಕಡಿಮೆ ಒದ್ದಿತು, ಎಷ್ಟು ಬೇಗ ಬಲ ಏರಿತು ಎಂಬುದು ಬೇಕೆಂದರೆ ಪ್ಲೇಟಿಗೆ ಬದಲಿಯೇ ಇಲ್ಲ. ಗಾಯದಿಂದ ಮರಳಿದ ಆಟಗಾರ ಮೊದಲಿನಷ್ಟೇ ಎತ್ತರ ಜಿಗಿದರೂ ಒಳ್ಳೆಯ ಕಾಲಿಗೆ ಹೆಚ್ಚು ಭಾರ ಹೊರಿಸುತ್ತಿರುತ್ತಾನೆ. ಫೋನಿಗೆ ಅದು ಕಾಣುವುದಿಲ್ಲ.

ಓಟ, ಮತ್ತು ಕಂಬಳದ ಲೆಕ್ಕ

2020ರ ಫೆಬ್ರುವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು (ಕೆಸರಿನ ಓಟದ ಹಾದಿಯನ್ನು) 13.62 ಸೆಕೆಂಡಿನಲ್ಲಿ ಮುಗಿಸಿದರು. ಯಾರೋ ಭಾಗಾಕಾರ ಮಾಡಿ 100 ಮೀಟರಿಗೆ 9.55 ಎಂದರು. 2009ರ ಬರ್ಲಿನ್‌ನಲ್ಲಿ ಉಸೇನ್ ಬೋಲ್ಟ್ ಓಡಿದ್ದು 9.58. ದೇಶವೆಲ್ಲ ಕುಣಿಯಿತು, ಭಾರತೀಯ ಕ್ರೀಡಾ ಪ್ರಾಧಿಕಾರದಿಂದ (ಸಾಯ್) ಟ್ರಯಲ್‌ಗೆ ಕರೆ ಬಂತು. ಆ ಗದ್ದಲದಲ್ಲಿ ನೆಟ್ಟಗೆ ಮಾತಾಡಿದವರು ಗೌಡರೇ. ಕಂಬಳದಲ್ಲಿ ಓಡುವುದು ಹಿಮ್ಮಡಿಯ ಮೇಲೆ, ಟ್ರ್ಯಾಕಿನಲ್ಲಿ ಬೆರಳ ಮೇಲೆ, ಜೊತೆಗೆ ಕೋಣಗಳ ಪಾಲೂ ಇದೆ ಎಂದು ಅವರು ಹೇಳಿ ಟ್ರಯಲ್ ಬೇಡವೆಂದರು.

ಅಳತೆಯ ಕಣ್ಣಿನಿಂದ ನೋಡಿ. ಬೋಲ್ಟ್‌ನ 9.58ರಲ್ಲಿ ಗುಂಡಿನ ಸದ್ದು ಕೇಳಿ ಕದಲಲು ಹಿಡಿದ 0.146 ಸೆಕೆಂಡೂ ಸೇರಿದೆ, ನಿಂತಲ್ಲಿಂದ ವೇಗ ಹಿಡಿಯುವ ನಿಧಾನದ ಮೊದಲ ಮೀಟರುಗಳೂ ಸೇರಿವೆ. 142.5 ಮೀಟರಿನ ಸರಾಸರಿಯಲ್ಲಿ ಆ ನಿಧಾನ ಉದ್ದದ ಓಟದ ಮೇಲೆ ಹರಡಿ ತೆಳುವಾಗುತ್ತದೆ. ಮುಂದೆ ಎಳೆಯಲು ಎರಡು ಕೋಣಗಳಿದ್ದರೆ ಓಡುವವನ ಸ್ನಾಯು ಎಷ್ಟು ತಳ್ಳಿತು, ಹಗ್ಗ ಎಷ್ಟು ಎಳೆಯಿತು ಎಂದು ಗಡಿಯಾರ ಬೇರ್ಪಡಿಸುವುದಿಲ್ಲ. ಕೆಸರಿನಲ್ಲಿ ಆ ವೇಗಕ್ಕೆ ಕಾಲು ಹೊಂದಿಸಿ ಬೀಳದೆ ಬರುವುದು ದೊಡ್ಡ ವಿದ್ಯೆಯೇ, 9.55 ಅದರ ಅಳತೆಯಲ್ಲ.

ನಿಮ್ಮ ಮೈದಾನದ ಪ್ರಶ್ನೆ ಇಷ್ಟು ದೊಡ್ಡದಿರಲಿಕ್ಕಿಲ್ಲ, ಆದರೆ ತಪ್ಪು ಇದೇ ಜಾತಿಯದು. ಕೈಯಲ್ಲಿ ಒತ್ತುವ ಸ್ಟಾಪ್‌ವಾಚ್ ಓಟಗಾರನಿಗೆ ಸಾಮಾನ್ಯವಾಗಿ ಉದಾರಿ. 100 ಮೀಟರಿನ ಕೈಗಡಿಯಾರದ ಸಮಯವನ್ನು ಎಲೆಕ್ಟ್ರಾನಿಕ್ ಸಮಯಕ್ಕೆ ಹೋಲಿಸುವಾಗ 0.24 ಸೆಕೆಂಡ್ ಸೇರಿಸುವುದು ಅಥ್ಲೆಟಿಕ್ಸ್‌ನ ರೂಢಿ. 30 ಮೀಟರ್ ಓಟದಲ್ಲಿ ಆರು ವಾರದ ತಾಲೀಮಿನಿಂದ 0.1 ಸೆಕೆಂಡ್ ಸುಧಾರಿಸಿತೇ ಎಂದು ತಿಳಿಯಬೇಕಾದವರು ಸ್ಟಾಪ್‌ವಾಚ್ ಕೆಳಗಿಟ್ಟು, ಓಟಗಾರ ಗೆರೆ ದಾಟಿದ ಕ್ಷಣವನ್ನು ತಾನೇ ಹಿಡಿಯುವ ಟೈಮಿಂಗ್ ಗೇಟ್ ಬಾಡಿಗೆಗಾದರೂ ತನ್ನಿ. ವೃದ್ಧರು 6 ಮೀಟರ್ ನಡೆಯುವ ವೇಗಕ್ಕೆ ಸ್ಟಾಪ್‌ವಾಚೇ ಸಾಕು.

ಚಲನೆಯ ಚಿತ್ರ

ಇದನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಹೆಚ್ಚಿನವರಿಗೆ ಇದರಲ್ಲಿ ಆಯ್ಕೆ ಎಂಬುದೇ ಇರುವುದಿಲ್ಲ. ಹೊಳೆಯುವ ಗುಂಡುಗಳನ್ನು ಮೈಗೆ ಅಂಟಿಸಿ ಇನ್‌ಫ್ರಾರೆಡ್ ಕ್ಯಾಮೆರಾಗಳಿಂದ ಹಿಡಿಯುವ ಮೋಷನ್ ಕ್ಯಾಪ್ಚರ್ ಲ್ಯಾಬ್ ಹತ್ತಿರದಲ್ಲಿದ್ದರೆ ಅದೃಷ್ಟವಂತರು. ಕ್ಯಾಮೆರಾ ಗುಂಡನ್ನು ಮಿಲಿಮೀಟರಿಗಿಂತ ಸೂಕ್ಷ್ಮವಾಗಿ ಕಾಣುತ್ತದೆ ನಿಜ, ಆದರೆ ಗುಂಡು ಅಂಟಿರುವುದು ಮೂಳೆಗಲ್ಲ, ಚರ್ಮಕ್ಕೆ. ತೊಡೆಯ ಮೇಲೆ ಚರ್ಮ ಮೂಳೆಗಿಂತ ಒಂದು ಸೆಂಟಿಮೀಟರಿಗೂ ಹೆಚ್ಚು ಜಾರುತ್ತದೆ. ಹಾಗಾಗಿ ಮೊಣಕಾಲು ಮಡಚುವ ಕೋನವನ್ನು ನಂಬಿ, ತೊಡೆಮೂಳೆ ಒಳಕ್ಕೆ ಎರಡು ಡಿಗ್ರಿ ತಿರುಗಿತು ಎಂಬುದನ್ನು ನಂಬಬೇಡಿ.

ಸ್ಟ್ಯಾನ್‌ಫರ್ಡ್‌ನವರ ಓಪನ್‌ಕ್ಯಾಪ್ ಎರಡು ಐಫೋನ್‌ಗಳಿಂದ ಮಾರ್ಕರ್ ಇಲ್ಲದೆಯೇ ಮೂರು ಆಯಾಮದ ಕೋನಗಳನ್ನು ಕೊಡುತ್ತದೆ. 2023ರಲ್ಲಿ ಅದರ ಪ್ರಬಂಧ ಬಂತು. ಬಡ ಕಾಲೇಜುಗಳಿಗೆ ಇದು ಬಾಗಿಲು ತೆರೆದಂತೆ. ವಿಡಿಯೋ ಹೊರಗಿನ ಸರ್ವರ್‌ಗೆ ಹೋಗುತ್ತದೆಂಬುದನ್ನು ಒಪ್ಪಿಗೆ ಪತ್ರದಲ್ಲಿ ಕನ್ನಡದಲ್ಲೇ ಬರೆಯಿರಿ. ಮೈಗೆ ಕಟ್ಟಿ ಚಲನೆ ಅಳೆಯುವ ಐಎಂಯು ಸೆನ್ಸರ್ ಮೈದಾನಕ್ಕೆ, ಗದ್ದೆಗೆ ಒಯ್ಯಲು ಅನುಕೂಲ, ಆದರೆ ಹೊತ್ತು ಕಳೆದಂತೆ ಕೋನ ಮೆಲ್ಲಗೆ ಜಾರುತ್ತದೆ, ಕಬ್ಬಿಣದ ಮಂಚದ ಪಕ್ಕ ದಿಕ್ಕು ತಪ್ಪುತ್ತದೆ. ಒಂದೇ ಫೋನಿನಲ್ಲಿ ಪಕ್ಕದಿಂದ ತೆಗೆಯುವುದಾದರೆ ಸ್ಟ್ಯಾಂಡ್ ಇಡಿ, ಫೋನನ್ನು ಚಲನೆಗೆ ನೇರ ಅಡ್ಡಲಾಗಿ, ಅಳೆಯುವ ಕೀಲಿನ ಎತ್ತರಕ್ಕೇ ಇಡಿ. ಕೈಯಲ್ಲಿ ಹಿಡಿದ ವಿಡಿಯೋ ಮದುವೆಮನೆಗೆ.

ಕೊನೆಗೆ ಆ ಹುಡುಗಿ ಏನು ಆರಿಸಿದಳು

ಸೂರ್ಯ ನಮಸ್ಕಾರದ ಪ್ರಶ್ನೆಯನ್ನು ಎರಡಾಗಿ ಸೀಳಿದೆವು. ಎದೆಯನ್ನು ನೆಲಕ್ಕಿಳಿಸುವ ಹಂತದಲ್ಲಿ ಭುಜದ ಸ್ನಾಯುಗಳು ಯಾವ ಕ್ರಮದಲ್ಲಿ ಏಳುತ್ತವೆ ಎಂಬುದು ಒಂದು. ಅದಕ್ಕೆ ಇಎಂಜಿ, ಒಂದೇ ದಿನದ ಅಳತೆ, ಎಲೆಕ್ಟ್ರೋಡ್ ಕಿತ್ತು ಅಂಟಿಸುವ ತಲೆನೋವಿಲ್ಲ. ಎಂಟು ವಾರ ಮಾಡಿದರೆ ಭುಜದ ಬಲ ಹೆಚ್ಚುತ್ತದೆಯೇ ಎಂಬುದು ಇನ್ನೊಂದು. ಅದಕ್ಕೆ ಬೆಲ್ಟ್ ಕಟ್ಟಿದ ಡೈನಮೋಮೀಟರ್. ಅವಳಿಗೆ ನಿಜವಾಗಿ ಬೇಕಿದ್ದುದು ಎರಡನೆಯದು. ಇಎಂಜಿ ಕೈಬಿಟ್ಟಾಗ ಮುಖ ಸಣ್ಣದಾಯಿತು, ಗೆಳತಿಯರ ಮುಂದೆ ಅದೇ ಗತ್ತಿನ ಯಂತ್ರ.

ಶುರು ಮಾಡುವ ಮೊದಲು ಹಾಸ್ಟೆಲಿನ ಆರು ಜನರನ್ನು ಎರಡು ದಿನ ಬಿಟ್ಟು ಎರಡು ಸಲ ಅಳೆದು ಬಾ ಎಂದೆ. ಒಬ್ಬಳದು 11 ಕಿಲೋ ಇದ್ದದ್ದು 15 ಆಗಿ ಬಂತು. ನಡುವೆ ಯಾವ ವ್ಯಾಯಾಮವೂ ಇಲ್ಲ. ಅಳತೆಯ ಸಹಜ ತಪ್ಪು, ಅಂದರೆ ಎಸ್‌ಇಎಂ, 1.5 ಕಿಲೋ ಇದ್ದರೆ ಒಬ್ಬ ವ್ಯಕ್ತಿಯಲ್ಲಿ ನಿಜವಾದ ಬದಲಾವಣೆ ಎನ್ನಲು ಅದರ 2.77 ಪಟ್ಟು, ಸುಮಾರು 4.2 ಕಿಲೋ ಏರಬೇಕು. ಅವಳು ಎಂಟು ವಾರದಲ್ಲಿ ನಿರೀಕ್ಷಿಸಿದ್ದ ಒಟ್ಟು ಏರಿಕೆಯೇ 3 ಕಿಲೋ. ಈ ಲೆಕ್ಕ ಬರೆದು ತೋರಿಸಿದಾಗ ಅವಳು ತುಂಬ ಹೊತ್ತು ಕಾಗದ ನೋಡುತ್ತ ಕೂತಳು.

"ಮಷೀನ್ ಹಾಳಾಗಿದ್ಯಾ ಮ್ಯಾಮ್?"

ಮಷೀನ್ ಸರಿಯಾಗಿತ್ತು. ಮೊದಲ ದಿನ ಮಣಿಕಟ್ಟಿನ ಹತ್ತಿರ ಒತ್ತಿದ್ದಳು, ಎರಡನೇ ದಿನ ಮೊಣಕೈಗೆ ಹತ್ತಿರ. ಬೆಲ್ಟ್ ಕೂಡ ಸಡಿಲವಿತ್ತು. ಆಮೇಲೆ ಮಣಿಕಟ್ಟಿನ ಮೂಳೆಯಿಂದ ಎರಡು ಬೆರಳು ಮೇಲೆ ಪೆನ್ನಿನಲ್ಲಿ ಗೆರೆ ಎಳೆದು, ಮೂರು ಸಲ ಅಳೆದು ಸರಾಸರಿ ತೆಗೆದು, ಅದೇ ಆರು ಜನರನ್ನು ಮತ್ತೆ ಕೂರಿಸಿದಳು. ಈ ಸಲ ಎರಡು ದಿನಗಳ ನಡುವಿನ ವ್ಯತ್ಯಾಸ ಯಾರಲ್ಲೂ ಒಂದು ಕಿಲೋ ದಾಟಲಿಲ್ಲ. ಸಿನಾಪ್ಸಿಸ್‌ನ ವಿಧಾನ ವಿಭಾಗಕ್ಕೆ ಆ ಪೆನ್ನಿನ ಗೆರೆಯನ್ನೂ ಸೇರಿಸಿ ಕಳಿಸಿದೆವು.